ಡಯಾಲಿಸಿಸ್‌ನಲ್ಲಿರುವವರಿಗೆ ಬೂಸ್ಟರ್: 86 ಇದ್ದದ್ದು 7 ಆಯಿತೇಕೆ?

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಹಿಮೋಡಯಾಲಿಸಿಸ್ ನಡೆಯುತ್ತಿದೆ. ಸಕ್ಕರೆ ಕಾಯಿಲೆಯೂ ಇದೆ. ಹೆಪಟೈಟಿಸ್ ಬಿ ಲಸಿಕೆಯ ನಾಲ್ಕೂ ಡೋಸ್ ಮುಗಿದು ಒಂದೂವರೆ ತಿಂಗಳಿಗೆ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಹುಟ್ಟಿದ ಪ್ರತಿಕಾಯದ ಮಟ್ಟ) 86 ಬಂದಿತ್ತು. ಈ ವರ್ಷದ ಪರೀಕ್ಷೆಯಲ್ಲಿ 7 ಬಂದಿದೆ. ಬೂಸ್ಟರ್ ಬೇಕು ಎನ್ನುತ್ತಿದ್ದಾರೆ. ನಾನೂ ಅದೇ ಲಸಿಕೆ ಹಾಕಿಸಿಕೊಂಡು ಹದಿನೈದು ವರ್ಷವಾಯಿತು, ನನಗೆ ಯಾರೂ ಬೂಸ್ಟರ್ ಮಾತೆತ್ತಿಲ್ಲ. ತಂದೆಯ ಕೋವಿಡ್ ಬೂಸ್ಟರ್ ಕೂಡ ಬಾಕಿ ಇದೆ. ಪ್ರತಿಕಾಯಗಳನ್ನೆಲ್ಲ ಡಯಾಲಿಸಿಸ್ ಯಂತ್ರವೇ ತೊಳೆದು ಹಾಕುತ್ತಿದೆಯೇ? ಹಾಗಿದ್ದರೆ ಮತ್ತೆ ಮತ್ತೆ ಚುಚ್ಚಿಸಿ ಏನು ಪ್ರಯೋಜನ? ಡಯಾಲಿಸಿಸ್ ದಿನವೇ ಲಸಿಕೆ ಹಾಕಿಸಬಹುದೇ?

ಉತ್ತರ: ಬೂಸ್ಟರ್ ಹಾಕಿಸಿ. ಡೋಸ್ 40 ಮೈಕ್ರೋಗ್ರಾಂ ಇರಲಿ. ಯಂತ್ರ ಪ್ರತಿಕಾಯಗಳನ್ನು ತೊಳೆಯುವುದಿಲ್ಲ. ಡಯಾಲಿಸಿಸ್ ದಿನವೇ ಹಾಕಿಸಲು ಅಡ್ಡಿಯಿಲ್ಲ, ಆದರೆ ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಕೊಡುವ ಮೊದಲು, ಮತ್ತು ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ) ಇಲ್ಲದ ಕೈಗೆ. ನಿಮಗೆ ಬೇಡದ ಬೂಸ್ಟರ್ ನಿಮ್ಮ ತಂದೆಗೆ ಏಕೆ ಬೇಕು ಎಂಬುದೇ ನಿಮ್ಮ ಪ್ರಶ್ನೆಗಳಲ್ಲಿ ಮುಖ್ಯವಾದದ್ದು. ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಯಂತ್ರದ ಮೇಲಿನ ಅನುಮಾನವನ್ನು ಮೊದಲು ಕಳೆಯೋಣ. ಲಸಿಕೆಯಿಂದ ಹುಟ್ಟುವ ಮುಖ್ಯ ಪ್ರತಿಕಾಯ ಐಜಿಜಿ. ಅದರ ತೂಕ ಸುಮಾರು 1,50,000 ಡಾಲ್ಟನ್ (ಅಣುಗಳ ತೂಕದ ಅಳತೆ). ಯೂರಿಯಾ ಬರೀ 60 ಡಾಲ್ಟನ್. ದೊಡ್ಡ ರಂಧ್ರಗಳ ಹೈ-ಫ್ಲಕ್ಸ್ ಡಯಾಲೈಸರ್ (ಯಂತ್ರದ ಶೋಧಕ) ಹೊರಹಾಕುವ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಸುಮಾರು 11,800. ಸುಮಾರು 66,000 ಡಾಲ್ಟನ್ ತೂಗುವ ಆಲ್ಬುಮಿನ್ ಕೂಡ ಡಯಾಲೈಸರ್ ಪೊರೆಯ ರಂಧ್ರ ದಾಟಿ ಹೋಗದಂತೆ ಆ ಪೊರೆಯನ್ನು ಮಾಡಿರುತ್ತಾರೆ. ಅದರ ಎರಡು ಪಟ್ಟಿಗಿಂತ ದೊಡ್ಡದಾದ ಐಜಿಜಿ ಹೋಗುವ ಮಾತೇ ಇಲ್ಲ. ಲಸಿಕೆಯೂ ಅಷ್ಟೇ: ತೋಳಿನ ಸ್ನಾಯುವಿಗೆ ಹಾಕಿದ್ದು ಅಲ್ಲಿಂದ ಕಂಕುಳಿನ ದುಗ್ಧಗ್ರಂಥಿಗಳಿಗೆ ಹೋಗುತ್ತದೆ, ಕೆಲಸ ನಡೆಯುವುದು ಅಲ್ಲಿ. ನಾಲ್ಕು ಗಂಟೆ ರಕ್ತ ಯಂತ್ರದಲ್ಲಿ ಸುತ್ತಿದರೆ ಅದಕ್ಕೇನೂ ಆಗದು. ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ನ ಕಥೆ ತುಸು ಬೇರೆ. ಅಲ್ಲಿ ಹೊರಬರುವ ದ್ರವದಲ್ಲಿ ದಿನಕ್ಕೆ 5ರಿಂದ 10 ಗ್ರಾಂ ಪ್ರೋಟೀನ್ ಹೋಗುತ್ತದೆ, ಅದರಲ್ಲಿ ಸ್ವಲ್ಪ ಐಜಿಜಿಯೂ ಇರುತ್ತದೆ. ನಿಮ್ಮ ತಂದೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಹಾಗಾದರೆ 86 ಇದ್ದದ್ದು 7 ಆಗಿದ್ದು ಹೇಗೆ? ರಕ್ತದಲ್ಲಿರುವ ಐಜಿಜಿಯ ಅರ್ಧಾಯುಷ್ಯ ಸುಮಾರು 21 ದಿನ. ಇಂದು ಇರುವುದರಲ್ಲಿ ಅರ್ಧದಷ್ಟು ಮೂರು ವಾರಕ್ಕೆ ಕರಗಿರುತ್ತದೆ. ಇದು ನಿಮ್ಮಲ್ಲೂ ಹಾಗೆಯೇ. ಮಟ್ಟ ಬೀಳದೆ ನಿಲ್ಲಬೇಕಾದರೆ ಯಾರಾದರೂ ಹಿಂದಿನಿಂದ ತಯಾರಿಸಿ ತುಂಬುತ್ತಿರಬೇಕು. ಆ ಕೆಲಸ ಪ್ಲಾಸ್ಮಾ ಕೋಶಗಳದು. ಅವುಗಳಲ್ಲಿ ಎರಡು ಬಗೆ. ಲಸಿಕೆ ಬಿದ್ದ ಕೆಲವು ದಿನಗಳಲ್ಲಿ ಹುಟ್ಟಿ, ವಾರಗಳಲ್ಲೇ ಸಾಯುವವು ಒಂದು ಬಗೆ. ಅಸ್ಥಿಮಜ್ಜೆಗೆ ಹೋಗಿ ನೆಲೆಸಿ ವರ್ಷಗಟ್ಟಲೆ ಪ್ರತಿಕಾಯ ಸುರಿಸುವವು ಇನ್ನೊಂದು. ಎರಡನೆಯ ಬಗೆ ಹುಟ್ಟಬೇಕಾದರೆ ದುಗ್ಧಗ್ರಂಥಿಯೊಳಗೆ ಬಿ ಕೋಶ ಮತ್ತು ಸಹಾಯಕ ಟಿ ಕೋಶಗಳ ನಡುವೆ ವಾರಗಟ್ಟಲೆ ಒಡನಾಟ ನಡೆಯಬೇಕು. ಅಲ್ಲಿ ಗುರಿಗೆ ಗಟ್ಟಿಯಾಗಿ ಅಂಟುವ ಬಿ ಕೋಶಗಳು ಆಯ್ಕೆಯಾಗಿ ಉಳಿಯಬೇಕು. ಮೂತ್ರಪಿಂಡ ಕೈಕೊಟ್ಟವರಲ್ಲಿ ಸೊರಗುವುದು ಈ ಘಟ್ಟವೇ. ಮೊದಲ ಬಗೆಯ ಕೋಶಗಳು ತಕ್ಕಮಟ್ಟಿಗೆ ಹುಟ್ಟುತ್ತವೆ, ಆದ್ದರಿಂದ 86ರಂಥ ಸಂಖ್ಯೆ ಕಾಣುತ್ತದೆ. ಬಹುಕಾಲ ಬಾಳುವವು ಸಾಕಷ್ಟು ಹುಟ್ಟದ ಕಾರಣ ಆ ಸಂಖ್ಯೆ ನಿಲ್ಲುವುದಿಲ್ಲ.

ಸೊರಗಲು ಕಾರಣ ಒಂದಲ್ಲ. ಶೋಧನೆಯಾಗದೆ ಉಳಿದ ವಿಷವಸ್ತುಗಳಲ್ಲಿ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್‌ನಂಥವು ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಡಯಾಲಿಸಿಸ್ ಅವನ್ನು ಸರಿಯಾಗಿ ತೆಗೆಯಲಾರದು. ಅವು ದೇಹದಲ್ಲಿ ಸದಾ ಒಂದು ಸಣ್ಣ ಉರಿಯೂತವನ್ನು ಜೀವಂತ ಇಡುತ್ತವೆ. ಲಸಿಕೆಯ ತುಣುಕನ್ನು ಹೊತ್ತು ಟಿ ಕೋಶಕ್ಕೆ ತೋರಿಸಬೇಕಾದ ಡೆಂಡ್ರಿಟಿಕ್ ಕೋಶಗಳ ಸಂಖ್ಯೆ ಕಡಿಮೆಯಾಗುತ್ತದೆ. ಇದ್ದವೂ ಟಿ ಕೋಶವನ್ನು ಎಬ್ಬಿಸುವ ಎರಡನೇ ಸಂಕೇತವನ್ನು ಸಾಕಷ್ಟು ಜೋರಾಗಿ ಕೊಡುವುದಿಲ್ಲ. ಥೈಮಸ್ ಗ್ರಂಥಿಯಿಂದ ಹೊಸ, ಇನ್ನೂ ಪಳಗದ ಟಿ ಕೋಶಗಳು ಬರುವುದು ತಗ್ಗುತ್ತದೆ. ಬದಲಿಗೆ ಆ ಎರಡನೇ ಸಂಕೇತವನ್ನು ಹಿಡಿಯುವ ಸಿಡಿ28 ಎಂಬ ಪ್ರೋಟೀನ್ ಕಳೆದುಕೊಂಡ, ಹಣ್ಣಾದ ಟಿ ಕೋಶಗಳೇ ರಕ್ತದಲ್ಲಿ ತುಂಬುತ್ತವೆ. ಒಟ್ಟಿನಲ್ಲಿ ಡಯಾಲಿಸಿಸ್‌ನಲ್ಲಿರುವವರ ಟಿ ಕೋಶ ವ್ಯವಸ್ಥೆ ಅವರ ವಯಸ್ಸಿಗಿಂತ ಒಂದೆರಡು ದಶಕ ಮುಂದೆ ಹೋಗಿರುತ್ತದೆ. 62ರ ನಿಮ್ಮ ತಂದೆಯ ದೇಹ ಲಸಿಕೆಗೆ ಎಂಬತ್ತರ ಆಸುಪಾಸಿನವರಂತೆ ಪ್ರತಿಕ್ರಿಯಿಸಿದರೆ ಅಚ್ಚರಿಪಡಬೇಡಿ. ಇದರ ಮೇಲೆ ಸಕ್ಕರೆ ಕಾಯಿಲೆ ಬೇರೆ.

ಸೊರಗಿದೆ ಎಂದರೆ ಸತ್ತಿದೆ ಎಂದಲ್ಲ. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಹೆಪಟೈಟಿಸ್ ಬಿ ಲಸಿಕೆಗೆ ಆರೋಗ್ಯವಂತ ವಯಸ್ಕರಲ್ಲಿ 90 ಶೇಕಡಾಕ್ಕೂ ಹೆಚ್ಚು ಮಂದಿ ಸ್ಪಂದಿಸುತ್ತಾರೆ. ಹಿಮೋಡಯಾಲಿಸಿಸ್‌ನಲ್ಲಿರುವವರಲ್ಲಿ ಎರಡು ಪಟ್ಟು ಡೋಸ್ ಕೊಟ್ಟರೂ ಅದು ಸಾಮಾನ್ಯವಾಗಿ 50ರಿಂದ 80 ಶೇಕಡಾ. ಅಂದರೆ ಅರ್ಧಕ್ಕೂ ಹೆಚ್ಚು ಮಂದಿಗೆ ರಕ್ಷಣೆ ಸಿಗುತ್ತದೆ, ಮೊದಲ ಸುತ್ತಿಗೆ ಸಿಗದವರಲ್ಲೂ ಹಲವರಿಗೆ ಎರಡನೆಯ ಸುತ್ತಿಗೆ ಸಿಗುತ್ತದೆ.

ಈಗ ನಿಮಗೂ ನಿಮ್ಮ ತಂದೆಗೂ ಇರುವ ವ್ಯತ್ಯಾಸ. ಹದಿನೈದು ವರ್ಷದ ಬಳಿಕ ನಿಮ್ಮ ಆಂಟಿ-ಎಚ್‌ಬಿಎಸ್ ಪರೀಕ್ಷಿಸಿದರೆ ಅದೂ ರಕ್ಷಣೆಯ ಗೆರೆಯಾದ 10ಕ್ಕಿಂತ ಕೆಳಗೆ ಇದ್ದೀತು. ಆದರೂ ನೀವು ಸುರಕ್ಷಿತರು. ಏಕೆಂದರೆ ಹೆಪಟೈಟಿಸ್ ಬಿ ವೈರಸ್ ನಿಧಾನಿ: ದೇಹ ಹೊಕ್ಕ ಮೇಲೆ ರೋಗ ತೋರಲು ಎರಡರಿಂದ ಐದು ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ನಿಮ್ಮ ನೆನಪಿನ ಬಿ ಕೋಶಗಳು ಎಚ್ಚೆತ್ತು, ಕೆಲವೇ ದಿನಗಳಲ್ಲಿ ಹೊಸ ಪ್ರತಿಕಾಯ ತಯಾರಿಸಿ ವೈರಸ್ಸನ್ನು ಮುಗಿಸುತ್ತವೆ. ಡಯಾಲಿಸಿಸ್‌ನಲ್ಲಿರುವವರ ವಿಷಯದಲ್ಲಿ ಈ ನೆನಪನ್ನು ನಂಬಿ ಕೂರುವಂತಿಲ್ಲ. ಪ್ರತಿಕಾಯ 10 ಎಂಐಯು/ಎಂಎಲ್‌ಗಿಂತ ಮೇಲಿರುವಷ್ಟು ಕಾಲ ಮಾತ್ರ ಅವರಿಗೆ ರಕ್ಷಣೆ ಇದೆ ಎಂದು ಲೆಕ್ಕ ಹಿಡಿಯುವುದೇ ವಾಡಿಕೆ. ಇಳಿದ ಮೇಲೆ ಸೋಂಕು ತಗುಲಿದ ಉದಾಹರಣೆಗಳಿವೆ. ಜೊತೆಗೆ ಅವರಿಗೆ ಅಪಾಯವೂ ನಿಮಗಿಂತ ಹೆಚ್ಚು: ಈ ವೈರಸ್ ಒಣಗಿದ ರಕ್ತದ ಕಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಲ್ಲಿ ಕೂಡ, ಮೇಜು, ಯಂತ್ರದ ಗುಂಡಿ, ಕ್ಲ್ಯಾಂಪ್‌ಗಳ ಮೇಲೆ ಕನಿಷ್ಠ 7 ದಿನ ಬದುಕಿರಬಲ್ಲದು. ವಾರಕ್ಕೆ ಮೂರು ಸಲ ಅಂಥ ಜಾಗದಲ್ಲಿ ರಕ್ತನಾಳ ತೆರೆದಿಟ್ಟು ಮಲಗುವವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ, 10ಕ್ಕಿಂತ ಇಳಿದರೆ ಒಂದು ಬೂಸ್ಟರ್ ಎಂಬ ನಿಯಮ ಬಂದಿರುವುದು ಹೀಗೆ.

ನಿಮ್ಮ ತಂದೆಯ ಹಳೆಯ ವರದಿಯಲ್ಲಿರುವ 86 ಬಹಳ ಬೆಲೆಯುಳ್ಳದ್ದು, ಜೋಪಾನವಾಗಿಡಿ. ಕೊನೆಯ ಡೋಸ್ ಆಗಿ ಒಂದರಿಂದ ಎರಡು ತಿಂಗಳೊಳಗೆ ಮಾಡಿದ ಪರೀಕ್ಷೆ ಅದು. ಅವರು ಲಸಿಕೆಗೆ ಸ್ಪಂದಿಸಿದ್ದರು ಎಂಬುದಕ್ಕೆ ಪುರಾವೆ. ಆದ್ದರಿಂದ ಈಗಿನ 7 ಅನ್ನು ‘ಇದ್ದದ್ದು ಇಳಿಯಿತು’ ಎಂದು ಓದಬಹುದು, ಒಂದು ಡೋಸ್ ಬೂಸ್ಟರ್ ಸಾಕು. ಆ ಹೊತ್ತಿನಲ್ಲಿ ಪರೀಕ್ಷೆಯನ್ನೇ ಮಾಡಿಸದೆ ವರ್ಷದ ಬಳಿಕ ನೇರವಾಗಿ 7 ಕಂಡಿದ್ದರೆ, ಅದು ಏರಿ ಇಳಿದದ್ದೋ ಏರಲೇ ಇಲ್ಲವೋ ಹೇಳಲು ದಾರಿಯಿರುತ್ತಿರಲಿಲ್ಲ. ಒಂದರಿಂದ ಎರಡು ತಿಂಗಳೊಳಗಿನ ಪರೀಕ್ಷೆಯಲ್ಲೇ 10 ದಾಟದವರಿಗೆ ಒಂದು ಡೋಸ್ ಸಾಲದು. ಇಡೀ ಸರಣಿಯನ್ನು ಇನ್ನೊಮ್ಮೆ ಹಾಕಿ, ಮತ್ತೆ ಒಂದೆರಡು ತಿಂಗಳಲ್ಲಿ ನೋಡಬೇಕು. ಸಿಬ್ಬಂದಿ ಬದಲಾಗುತ್ತಿರುವ ಕೇಂದ್ರಗಳಲ್ಲಿ ತಪ್ಪಿ ಹೋಗುವುದು ಹೆಚ್ಚಾಗಿ ಈ ಮೊದಲ ಪರೀಕ್ಷೆಯೇ. ಅದಕ್ಕೇ ದಿನಾಂಕ, ಲಸಿಕೆಯ ಹೆಸರು, ಮೈಕ್ರೋಗ್ರಾಂ, ಬ್ಯಾಚ್ ಸಂಖ್ಯೆ, ಆಮೇಲಿನ ವರದಿ ಇಷ್ಟನ್ನೂ ಮನೆಯವರು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೂಸ್ಟರ್ ಹಾಕಿದ ಮೇಲೆ ಮುಂದಿನ ವಾರ್ಷಿಕ ಪರೀಕ್ಷೆಯವರೆಗೆ ಕಾಯುವ ಕೇಂದ್ರಗಳಿವೆ. ನನ್ನ ಅಭಿಪ್ರಾಯದಲ್ಲಿ 4ರಿಂದ 8 ವಾರಕ್ಕೆ ಒಮ್ಮೆ ನೋಡುವುದು ಲೇಸು, ಅದರಲ್ಲೂ ಮೊದಲ ಏರಿಕೆಯೇ 100ರ ಒಳಗಿದ್ದ ನಿಮ್ಮ ತಂದೆಯಂಥವರಲ್ಲಿ. 100 ದಾಟಿದವರಲ್ಲಿ ರಕ್ಷಣೆ ಹೆಚ್ಚು ಕಾಲ ಉಳಿಯುತ್ತದೆ. 10ರಿಂದ 100ರ ನಡುವಿನವರು ಬೇಗ ಜಾರುತ್ತಾರೆ. ಬೂಸ್ಟರ್ ಆದ ಮೇಲೂ 10 ದಾಟದಿದ್ದರೆ ಪೂರ್ಣ ಸರಣಿಗೆ ಹೋಗಬೇಕು.

ಎರಡು ಪೂರ್ಣ ಸರಣಿ ಕೊಟ್ಟರೂ ಸ್ಪಂದಿಸದವರು ಸ್ವಲ್ಪ ಮಂದಿ ಇದ್ದೇ ಇರುತ್ತಾರೆ. ಅವರಿಗೆ ಬೇರೆ ದಾರಿಗಳುಂಟು. ಸ್ನಾಯುವಿನ ಬದಲು ಚರ್ಮದ ಪದರದೊಳಗೆ ಸಣ್ಣ ಡೋಸ್, ಉದಾಹರಣೆಗೆ 5 ಮೈಕ್ರೋಗ್ರಾಂನಂತೆ ವಾರಕ್ಕೊಮ್ಮೆ 8 ವಾರ ಕೊಟ್ಟಾಗ, ಸ್ನಾಯುವಿಗೆ ಹಾಕಿ ಸೋತವರಲ್ಲೂ ಬಹುಮಂದಿ 10 ದಾಟಿದ್ದಾರೆ. ಚರ್ಮದಲ್ಲಿ ಡೆಂಡ್ರಿಟಿಕ್ ಕೋಶಗಳು ದಟ್ಟವಾಗಿರುವುದೇ ಇದರ ಗುಟ್ಟು. ತೊಡಕು ಇಷ್ಟೇ: ಚರ್ಮದೊಳಗೆ ಸರಿಯಾಗಿ ಚುಚ್ಚಲು ಪಳಗಿದ ಕೈ ಬೇಕು, ಗುಳ್ಳೆಯಂತೆ ಉಬ್ಬು ಏಳದಿದ್ದರೆ ಲಸಿಕೆ ಆಳಕ್ಕೆ ಹೋಗಿದೆ ಎಂದರ್ಥ. ಎಎಸ್04 ಅಥವಾ ಸಿಪಿಜಿ ಎಂಬ ಹೆಚ್ಚು ಬಲದ ಉತ್ತೇಜಕ ಬೆರೆಸಿದ ಲಸಿಕೆಗಳೂ ಇವೆ. ಎಎಸ್04 ಇರುವುದನ್ನು ಮೂತ್ರಪಿಂಡ ಕಾಯಿಲೆಯವರಿಗೆಂದೇ ತಯಾರಿಸಿದ್ದಾರೆ. ಏನು ಮಾಡಿದರೂ ಏರದವರನ್ನು ಸೋಂಕು ತಗುಲಬಲ್ಲವರೆಂದೇ ಲೆಕ್ಕ ಹಾಕಿ ತಿಂಗಳಿಗೊಮ್ಮೆ ಎಚ್‌ಬಿಎಸ್‌ಎಜಿ (ಸೋಂಕಿದೆಯೇ ಎಂದು ತೋರಿಸುವ) ಪರೀಕ್ಷೆ ಮಾಡಬೇಕು. ಅಂಥವರಿಗೆ ಸೋಂಕಿತ ರಕ್ತದ ಸಂಪರ್ಕವಾದರೆ ಹೆಪಟೈಟಿಸ್ ಬಿ ಇಮ್ಯೂನೋಗ್ಲೋಬ್ಯುಲಿನ್ ಅನ್ನು ಕಿಲೋ ತೂಕಕ್ಕೆ 0.06 ಮಿ.ಲೀ. ಲೆಕ್ಕದಲ್ಲಿ ಆದಷ್ಟು ಬೇಗ ಕೊಡುತ್ತಾರೆ.

ಇನ್ನು ಡೋಸ್ ಮತ್ತು ಚುಚ್ಚುವ ಬಗೆ. ಸ್ಪಂದನೆ ಕಡಿಮೆಯಾಯಿತು ಎಂದು ದೂರುವ ಮೊದಲು ಇವನ್ನು ನೋಡಬೇಕು, ಏಕೆಂದರೆ ತಿದ್ದಬಹುದಾದ ತಪ್ಪುಗಳೆಲ್ಲ ಇಲ್ಲೇ ಇವೆ. ವಯಸ್ಕರಿಗೆ ಸಿಗುವ ಸಾಮಾನ್ಯ ಶೀಷೆಗಳಲ್ಲಿ 1 ಮಿ.ಲೀ.ಗೆ 20 ಮೈಕ್ರೋಗ್ರಾಂ ಇರುತ್ತದೆ. ಡಯಾಲಿಸಿಸ್‌ನವರಿಗೆ ಅದರ 2 ಮಿ.ಲೀ., ಅಂದರೆ 40 ಮೈಕ್ರೋಗ್ರಾಂ, 0, 1, 2 ಮತ್ತು 6ನೇ ತಿಂಗಳು. ಒಂದೇ ಮಿ.ಲೀ.ನಲ್ಲಿ 40 ಮೈಕ್ರೋಗ್ರಾಂ ಇರುವ ಬೇರೆ ತಯಾರಿಕೆಯೂ ಉಂಟು, ಅದಕ್ಕೆ 0, 1, 6ರ ಮೂರು ಡೋಸ್ ಸಾಕು. ಶೀಷೆಯ ಮೇಲಿನ ಬರಹ ಓದದೆ 1 ಮಿ.ಲೀ. ಎಳೆದು ಅರ್ಧ ಡೋಸ್ ಕೊಟ್ಟು ಬಿಡುವುದು ಅಪರೂಪವಲ್ಲ. ಚುಚ್ಚುವ ಜಾಗ ಭುಜದ ಕೆಳಗಿನ ಡೆಲ್ಟಾಯ್ಡ್ ಸ್ನಾಯು. ಪಿರ್ರೆಗೆ ಹಾಕಬಾರದು, ಅಲ್ಲಿ ಲಸಿಕೆ ಕೊಬ್ಬಿನಲ್ಲಿ ಕೂತು ಸ್ಪಂದನೆ ಕುಸಿಯುತ್ತದೆ. ದಪ್ಪ ತೋಳಿನವರಿಗೆ 25 ಮಿ.ಮೀ. ಸೂಜಿ ಸಾಲದೆ 38 ಮಿ.ಮೀ. ಬೇಕಾಗಬಹುದು. ಈ ಲಸಿಕೆಯಲ್ಲಿ ಅಲ್ಯೂಮಿನಿಯಂ ಲವಣ ತಳಕ್ಕೆ ಇಳಿದಿರುತ್ತದೆ, ಎಳೆಯುವ ಮೊದಲು ಚೆನ್ನಾಗಿ ಕುಲುಕಬೇಕು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಫ್ರಿಜ್‌ನ ಫ್ರೀಜರ್ ಭಾಗಕ್ಕೆ ತಾಗಿ ಇಟ್ಟ ಶೀಷೆ ನೋಡಲು ಸರಿಯಾಗಿ ಕಂಡರೂ ಬಲಹೀನವಾಗಿರಬಹುದು. ಒಂದು ಕೇಂದ್ರದಲ್ಲಿ ಒಮ್ಮೆಗೇ ಬಹಳ ಮಂದಿಗೆ ಲಸಿಕೆ ಹತ್ತದಿದ್ದರೆ ರೋಗಿಗಳಿಗಿಂತ ಮೊದಲು ಫ್ರಿಜ್ಜನ್ನು ತಪಾಸಣೆ ಮಾಡಬೇಕು.

ಪರೀಕ್ಷೆಯ ಸಂಖ್ಯೆ ಕೂಡ ದಾರಿ ತಪ್ಪಿಸುವುದುಂಟು. ಲಸಿಕೆಯಲ್ಲಿರುವುದೇ ವೈರಸ್‌ನ ಮೇಲ್ಮೈ ಪ್ರೋಟೀನ್, ಅಂದರೆ ಎಚ್‌ಬಿಎಸ್‌ಎಜಿ. ಹಾಕಿದ ಮೇಲೆ ಕೆಲವು ದಿನ, ಡಯಾಲಿಸಿಸ್‌ನವರಲ್ಲಿ ಸುಮಾರು ಮೂರು ವಾರದವರೆಗೂ, ಅದು ರಕ್ತದಲ್ಲಿ ಕಂಡು ‘ಪಾಸಿಟಿವ್’ ಎಂದು ತೋರಿಸಬಹುದು. ಆ ವರದಿ ಹಿಡಿದು ರೋಗಿಯನ್ನು ಪ್ರತ್ಯೇಕ ಯಂತ್ರಕ್ಕೆ ಕಳಿಸುವ ಗಲಿಬಿಲಿ ಆಗಬಾರದೆಂದರೆ ಎಚ್‌ಬಿಎಸ್‌ಎಜಿ ರಕ್ತವನ್ನು ಲಸಿಕೆಗೆ ಮುಂಚೆ ತೆಗೆಯಿರಿ, ಇಲ್ಲವೇ ಒಂದು ತಿಂಗಳು ಬಿಟ್ಟು ತೆಗೆಯಿರಿ. ತದ್ವಿರುದ್ಧವಾದದ್ದು ಇನ್ನೊಂದು: ರಕ್ತ ಅಥವಾ ಇಮ್ಯೂನೋಗ್ಲೋಬ್ಯುಲಿನ್ ಏರಿಸಿದ ಮೇಲೆ ದಾನಿಯ ಪ್ರತಿಕಾಯಗಳೇ ಎರವಲಾಗಿ ಬಂದು ಆಂಟಿ-ಎಚ್‌ಬಿಎಸ್ ಸುಳ್ಳೇ ಏರಿದಂತೆ ಕಾಣಬಹುದು. ಬೇರೆ ಬೇರೆ ಕಿಟ್‌ಗಳ ನಡುವೆಯೂ ಅಂಕಿ ಹೊಂದುವುದಿಲ್ಲ. ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಕೋವಿಡ್ ಬೂಸ್ಟರ್‌ಗೆ ಬರೋಣ. ಅಲ್ಲೂ ಅದೇ ದೇಹ, ಆದರೆ ಚಿತ್ರ ಸ್ವಲ್ಪ ಆಶಾದಾಯಕ. ಎಂಆರ್‌ಎನ್‌ಎ ಲಸಿಕೆಯ ಎರಡು ಡೋಸ್ ಪಡೆದ ಡಯಾಲಿಸಿಸ್ ರೋಗಿಗಳಲ್ಲಿ ಹೆಚ್ಚಿನ ಅಧ್ಯಯನಗಳ ಪ್ರಕಾರ 80ರಿಂದ 95 ಶೇಕಡಾ ಮಂದಿಯಲ್ಲಿ ಪ್ರತಿಕಾಯ ಕಂಡಿತು. ಹೆಪಟೈಟಿಸ್ ಬಿಗೆ ಹೋಲಿಸಿದರೆ ಇದು ಬಹಳ ಮೇಲು. ಆದರೆ ಪ್ರಮಾಣ ಆರೋಗ್ಯವಂತರಿಗಿಂತ ಕಡಿಮೆ, ಏರುವುದು ನಿಧಾನ, ಮೂರರಿಂದ ಆರು ತಿಂಗಳೊಳಗೆ ಇಳಿಯುವುದು ವೇಗ. ಮೂರನೇ ಡೋಸ್ ಕೊಟ್ಟಾಗ ಪ್ರತಿಕಾಯ ಹಲವು ಪಟ್ಟು ಏರಿತು, ಎರಡಕ್ಕೆ ಸ್ಪಂದಿಸದ ಕೆಲವರೂ ಆಗ ಸ್ಪಂದಿಸಿದರು. ಮೊದಲ ಎರಡು ಡೋಸ್‌ಗಳಲ್ಲಿ 100 ಮೈಕ್ರೋಗ್ರಾಂ ಇದ್ದ ಮಾಡರ್ನಾ ಲಸಿಕೆ, 30 ಮೈಕ್ರೋಗ್ರಾಂ ಇದ್ದ ಫೈಝರ್ ಲಸಿಕೆಗಿಂತ ಈ ಗುಂಪಿನಲ್ಲಿ ಹೆಚ್ಚು ಪ್ರತಿಕಾಯ ಕೊಟ್ಟಿತು. ಸೊರಗಿದ ವ್ಯವಸ್ಥೆಗೆ ಡೋಸ್ ಹೆಚ್ಚಿಸಿದರೆ ಲಾಭ ಎಂಬುದು ಹೆಪಟೈಟಿಸ್ ಬಿಯಲ್ಲಿ ಕಲಿತ ಪಾಠವೇ. ಒಮ್ಮೆ ಸೋಂಕು ಬಂದು ಹೋದವರಲ್ಲಿ ಒಂದೇ ಡೋಸ್ ಕೂಡ ಜೋರಾಗಿ ಏರಿಸುತ್ತದೆ. ಪ್ರತಿಕಾಯ ಕಡಿಮೆ ಇದ್ದವರಲ್ಲೂ ಟಿ ಕೋಶಗಳ ಸ್ಪಂದನೆ ಹಲವರಲ್ಲಿ ಉಳಿದಿರುತ್ತದೆ. ಸೋಂಕು ತಗುಲುವುದನ್ನು ಅದು ತಡೆಯದಿರಬಹುದು, ಕಾಯಿಲೆ ವಿಕೋಪಕ್ಕೆ ಹೋಗದಂತೆ ಹಿಡಿಯುತ್ತದೆ.

ಆದ್ದರಿಂದ ಕೋವಿಡ್ ಪ್ರತಿಕಾಯ ಪರೀಕ್ಷೆಗೆ ಹಣ ಹಾಕಬೇಡಿ. ಹೆಪಟೈಟಿಸ್ ಬಿಗೆ 10 ಎಂಬ ಗೆರೆ ಇದೆ. ಕೋವಿಡ್‌ಗೆ ಎಲ್ಲರೂ ಒಪ್ಪಿದ ಅಂಥ ಗೆರೆ ಇಲ್ಲ. 2021ರ ನವೆಂಬರ್‌ನಲ್ಲಿ ಓಮಿಕ್ರಾನ್ ಬಂದಾಗ, ಹಳೆಯ ವೈರಸ್ ಮೇಲೆ ಅಳೆದ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಹೊಸದನ್ನು ತಟಸ್ಥಗೊಳಿಸುವ ಬಲ ತಗ್ಗಿತ್ತು. ಇಲ್ಲಿ ಸಂಖ್ಯೆಯನ್ನಲ್ಲ, ಕ್ಯಾಲೆಂಡರ್ ನೋಡಿ: ಹೆಚ್ಚು ಅಪಾಯವಿರುವವರಿಗೆ ಕೊನೆಯ ಡೋಸ್‌ನಿಂದ 6ರಿಂದ 12 ತಿಂಗಳಿಗೆ, ಆ ಹೊತ್ತಿನ ತಳಿಗೆ ಹೊಂದುವಂತೆ ಮಾಡಿದ ಲಸಿಕೆ ಸಿಕ್ಕರೆ ಅದನ್ನೇ. ಇತ್ತೀಚೆಗೆ ಸೋಂಕು ಬಂದು ಹೋಗಿದ್ದರೆ ಮೂರು ತಿಂಗಳವರೆಗೆ ತಡೆಯಬಹುದು. ಇಷ್ಟೆಲ್ಲ ಏಕೆ ಎಂದರೆ, ಲಸಿಕೆ ಬರುವ ಮುಂಚಿನ ಮೊದಲ ಅಲೆಗಳಲ್ಲಿ ಸೋಂಕು ತಗುಲಿದ ಡಯಾಲಿಸಿಸ್ ರೋಗಿಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ತೀರಿಕೊಂಡಿದ್ದರು.

ಉಳಿದ ಲಸಿಕೆಗಳನ್ನು ಚುಟುಕಾಗಿ ಹೇಳುತ್ತೇನೆ. ಫ್ಲೂ ಲಸಿಕೆ ಪ್ರತಿ ವರ್ಷ, ಚುಚ್ಚುವ ನಿಷ್ಕ್ರಿಯ ಬಗೆಯದೇ. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಬೇಡ. ಪ್ರತಿ ತಳಿಗೆ 15ರ ಬದಲು 60 ಮೈಕ್ರೋಗ್ರಾಂ ಇರುವ ಹೈ-ಡೋಸ್ ಸಿಗುವಲ್ಲಿ ವಯಸ್ಸಾದವರಿಗೆ ಅದು ಮೇಲು. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯಲ್ಲಿ ಎರಡು ಜಾತಿ. ಪಿಪಿಎಸ್‌ವಿ23 ಬರೀ ಸಕ್ಕರೆಸರಪಳಿ, ಟಿ ಕೋಶದ ನೆರವಿಲ್ಲದೆ ಕೆಲಸ ಮಾಡುತ್ತದೆ, ಹಾಗಾಗಿ ನೆನಪು ಉಳಿಸುವುದಿಲ್ಲ. ಪ್ರೋಟೀನಿಗೆ ಕಟ್ಟಿದ ಕಾಂಜುಗೇಟ್ ಲಸಿಕೆ ನೆನಪು ಉಳಿಸುತ್ತದೆ, ಮೊದಲು ಅದೇ ಆಗಬೇಕು. ಪಿಸಿವಿ20 ಹಾಕಿದರೆ ಒಂದರಲ್ಲೇ ಮುಗಿಯಿತು. ಪಿಸಿವಿ15 ಹಾಕಿದರೆ ಕನಿಷ್ಠ 8 ವಾರ ಬಿಟ್ಟು ಪಿಪಿಎಸ್‌ವಿ23. ಸರ್ಪಸುತ್ತಿಗೆ ಎಎಸ್01ಬಿ ಉತ್ತೇಜಕವಿರುವ ರೀಕಾಂಬಿನೆಂಟ್ ಲಸಿಕೆ ಎರಡು ಡೋಸ್, 2ರಿಂದ 6 ತಿಂಗಳ ಅಂತರ. ಇದಕ್ಕೆ ಒಂದೆರಡು ದಿನ ತೋಳು ಚೆನ್ನಾಗಿಯೇ ನೋಯುತ್ತದೆ, ಮುಂಚೆಯೇ ಹೇಳಿಡಿ.

ಕಸಿಯ ಪಟ್ಟಿಯಲ್ಲಿ ಹೆಸರಿದ್ದರೆ ಇವೆಲ್ಲಕ್ಕೂ ತುರ್ತು ಬರುತ್ತದೆ. ಮೂತ್ರಪಿಂಡ ಕಸಿಯಾದ ಮೇಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್‌ಗಳ ಜೊತೆ ಲಸಿಕೆ ಹಾಕಿದರೆ ಸ್ಪಂದನೆ ಈಗಿನದಕ್ಕಿಂತಲೂ ಕುಸಿಯುತ್ತದೆ. ಕೋವಿಡ್ ಎಂಆರ್‌ಎನ್‌ಎ ಲಸಿಕೆಯ ಎರಡು ಡೋಸ್ ಬಳಿಕ ಅಂಗ ಕಸಿಯಾದವರಲ್ಲಿ ಪ್ರತಿಕಾಯ ಕಂಡದ್ದು ಸುಮಾರು ಅರ್ಧದಷ್ಟು ಮಂದಿಯಲ್ಲಿ. ಡಯಾಲಿಸಿಸ್‌ನ ಕಾಲವೇ ಅವರಿಗೆ ಸಿಗುವ ಒಳ್ಳೆಯ ಕಾಲ, ಸಾಧ್ಯವಾದರೆ ಕಸಿಗೆ ಕನಿಷ್ಠ ಎರಡು ವಾರ ಮುಂಚೆ ಮುಗಿಸಬೇಕು. ದಡಾರ, ಚಿಕನ್‌ಪಾಕ್ಸ್‌ಗಳಂಥ ಜೀವಂತ ಲಸಿಕೆಗಳನ್ನು ಕಸಿಯಾದ ಮೇಲೆ ಕೊಡುವಂತಿಲ್ಲ, ಬೇಕಿದ್ದರೆ ಕನಿಷ್ಠ ನಾಲ್ಕು ವಾರ ಮುಂಚೆ. ಹಾಗೆ ನೋಡಿದರೆ ಹೆಪಟೈಟಿಸ್ ಬಿ ಸರಣಿಯನ್ನು ಡಯಾಲಿಸಿಸ್ ಶುರುವಾಗುವವರೆಗೆ ಕಾಯಿಸುವುದೂ ತಪ್ಪೇ: ಮೂತ್ರಪಿಂಡ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿರುವಾಗ ಹಾಕಿದರೆ ಹೆಚ್ಚು ಮಂದಿ ಸ್ಪಂದಿಸುತ್ತಾರೆ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಕ್ರಿಯಾಟಿನಿನ್ ಏರುತ್ತಿದ್ದರೆ ಇದನ್ನು ನೆನಪಿಡಿ.

ಸ್ಪಂದನೆ ಕಡಿಮೆ ಬರುವವರಲ್ಲಿ ಮತ್ತೆ ಮತ್ತೆ ಕಾಣುವ ಅಂಶಗಳು: ವಯಸ್ಸು, ಸಕ್ಕರೆ ಕಾಯಿಲೆ, ಬೊಜ್ಜು, ಆಲ್ಬುಮಿನ್ ಕಡಿಮೆ ಇರುವುದು, ಲಿಂಫೋಸೈಟ್ ಎಣಿಕೆ ಕಡಿಮೆ ಇರುವುದು. ವಯಸ್ಸನ್ನು ತಿದ್ದಲಾಗದು. ಆಲ್ಬುಮಿನ್ 3.5 ಗ್ರಾಂ/ಡಿಎಲ್‌ಗಿಂತ ಕೆಳಗಿದ್ದರೆ ಊಟದಲ್ಲಿ ಪ್ರೋಟೀನ್ ಸಾಲುತ್ತಿದೆಯೇ, ಡಯಾಲಿಸಿಸ್ ಅವಧಿ ಕಡಿತವಾಗುತ್ತಿದೆಯೇ, ಎಲ್ಲಾದರೂ ಸೋಂಕು ಅಡಗಿದೆಯೇ ನೋಡಬೇಕು. ಆದರೆ ಅದು ಸರಿಹೋಗಲಿ ಎಂದು ಬೂಸ್ಟರ್ ಮುಂದೂಡಬೇಡಿ. ಮುಂದೂಡಬೇಕಾದ ಸಂದರ್ಭ ಎರಡೇ: ಜ್ವರವಿರುವ ತೀವ್ರ ಕಾಯಿಲೆ, ಮತ್ತು ಬಿ ಕೋಶಗಳನ್ನೇ ಅಳಿಸಿಹಾಕುವ ರಿಟುಕ್ಸಿಮ್ಯಾಬ್. ರಿಟುಕ್ಸಿಮ್ಯಾಬ್ ಕೊಟ್ಟಿದ್ದರೆ ಸುಮಾರು ಆರು ತಿಂಗಳು ಕಾಯದೆ ಹಾಕಿದ ಲಸಿಕೆಗೆ ಪ್ರತಿಕಾಯ ಹುಟ್ಟುವುದು ಕಷ್ಟ. ಹಿಂದೆ ಕಸಿಯಾಗಿ ವಿಫಲವಾದರೂ ಹಳೆಯ ಮಾತ್ರೆಗಳನ್ನು ಇನ್ನೂ ನುಂಗುತ್ತಿರುವವರು ಅದನ್ನು ನೆಫ್ರಾಲಜಿಸ್ಟ್ ಗಮನಕ್ಕೆ ತರಬೇಕು. ತಾವಾಗಿಯೇ ನಿಲ್ಲಿಸಬಾರದು.

ಲಸಿಕೆಯ ದಿನ ಮಾಡಬೇಕಾದ್ದು ಇಷ್ಟು. ಹೆಪಾರಿನ್‌ನ ಪ್ರಭಾವ ಕೆಲವೇ ಗಂಟೆಗಳದು, ಆದ್ದರಿಂದ ಡಯಾಲಿಸಿಸ್ ಆರಂಭಕ್ಕೆ ಮುಂಚೆ ಅಥವಾ ಡಯಾಲಿಸಿಸ್ ಇಲ್ಲದ ದಿನ ಹಾಕಿಸಿದರೆ ಕಂದುಗಟ್ಟುವುದು ಕಡಿಮೆ. ಸೂಜಿ 23 ಗೇಜ್ ಅಥವಾ ಅದಕ್ಕಿಂತ ಸಣ್ಣದು. ತೆಗೆದ ಮೇಲೆ ಉಜ್ಜದೆ ಕನಿಷ್ಠ 2 ನಿಮಿಷ ಒತ್ತಿ ಹಿಡಿಯಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಿಲ್ಲಿಸುವ ಅಗತ್ಯವಿಲ್ಲ. ವಾರ್ಫರಿನ್ ಇದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ) ಮಿತಿಯಲ್ಲಿದೆಯೇ ನೋಡಿ. ಫಿಸ್ಟುಲಾ ಅಥವಾ ಗ್ರಾಫ್ಟ್ ಇರುವ ಕೈಗೆ ಮಾತ್ರ ಯಾವ ಲಸಿಕೆಯೂ ಬೇಡ. ಅಂದರೆ ಫ್ಲೂ ಮತ್ತು ಕೋವಿಡ್ ಒಂದೇ ದಿನ ಹಾಕಿಸುವುದಾದರೆ ಉಳಿಯುವುದು ಒಂದೇ ತೋಳು. ಆ ತೋಳಿನಲ್ಲೇ 2.5 ಸೆಂ.ಮೀ. ಅಂತರ ಬಿಟ್ಟು ಎರಡನ್ನೂ ಹಾಕಬಹುದು, ಇಲ್ಲವೇ ಎರಡನೆಯದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ. ಬಿಪಿ ಪಟ್ಟಿ ಕಟ್ಟುವುದೂ ಅದೇ ತೋಳಿಗೇ ಆದ್ದರಿಂದ ಪಟ್ಟಿಯನ್ನು ಚುಚ್ಚಿದ ಜಾಗದಿಂದ ಕೆಳಗೆ ಸರಿಸಲು ಟೆಕ್ನಿಷಿಯನ್‌ಗೆ ಹೇಳಿ. ಇಲ್ಲದಿದ್ದರೆ ಪ್ರತಿ ಅರ್ಧ ಗಂಟೆಗೂ ನೋವು ತಿನ್ನಬೇಕು.

ಮೈಕೈ ನೋವು, ಸಣ್ಣ ಜ್ವರಕ್ಕೆ ಪ್ಯಾರಸಿಟಮಾಲ್ 500 ಅಥವಾ 650 ಮಿ.ಗ್ರಾಂ. ಸಾಕು. ಐಬುಪ್ರೊಫೆನ್, ಡೈಕ್ಲೋಫಿನಾಕ್ ಬೇಡ. ಇನ್ನೂ ಸ್ವಲ್ಪ ಮೂತ್ರ ಬರುತ್ತಿದ್ದರೆ ಅದನ್ನೂ ಅವು ಕಸಿದುಕೊಳ್ಳಬಹುದು, ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಬೇರೆ. ಜ್ವರದಿಂದ ಬೆವತು ಊಟ ಬಿಟ್ಟಿದ್ದರೆ ಮರುದಿನದ ಡಯಾಲಿಸಿಸ್‌ನಲ್ಲಿ ಎಂದಿನಷ್ಟೇ ನೀರು ತೆಗೆದಾಗ ಬಿಪಿ ಕುಸಿಯಬಹುದು, ತೂಕ ನೋಡಿ ಹೇಳಿ. ಕುತ್ತಿಗೆಯಲ್ಲಿ ಕ್ಯಾಥೆಟರ್ ಇರುವವರಿಗೆ ಒಂದು ವಿಶೇಷ ಎಚ್ಚರಿಕೆ: ಲಸಿಕೆಯ ಮರುದಿನ 38 ಡಿಗ್ರಿ ದಾಟಿ ಜ್ವರ ಬಂದರೆ, ಅದರಲ್ಲೂ ಡಯಾಲಿಸಿಸ್ ಶುರುವಾದ ಮೇಲೆ ನಡುಕ ಹತ್ತಿದರೆ, ಲಸಿಕೆಯ ಜ್ವರ ಎಂದುಕೊಂಡು ಮಾತ್ರೆ ಕೊಟ್ಟು ಮಲಗಿಸಬೇಡಿ. ಕ್ಯಾಥೆಟರ್ ಸೋಂಕೂ ಹಾಗೆಯೇ ಶುರುವಾಗುತ್ತದೆ. ಮೊದಲು ರಕ್ತದ ಕಲ್ಚರ್‌ಗೆ ತೆಗೆಸಿ, ಆಮೇಲೆ ಉಳಿದ ಮಾತು.